ಚಳಿಗೆ ಕೊಟ್ಟ ಕಷಾಯ

ಪುಟ್ಟಿ ಎಂಬ ಹೆಸರು ಕೇಳಿ ಯಾರೂ ಮೋಸ ಹೋಗಬಾರದು. ಅವಳಿಗೆ ನಲವತ್ತು ದಾಟಿತ್ತು, ಕನ್ನಡಕ ಬಂದಿತ್ತು, ಒಂದು ಸಣ್ಣ ಕಾರ್ಖಾನೆಯ ಕುದಿಸುವ ಕೋಣೆ ಪೂರ್ತಿ ಅವಳ ಮಾತಿನ ಮೇಲೆ ನಡೆಯುತ್ತಿತ್ತು. ಆದರೂ ಅಕ್ಕನಿಗೆ ಅವಳು ಪುಟ್ಟಿ. ಅಕ್ಕ ಹಾಗೆ ಕರೆಯುತ್ತಾಳೆಂದು ಭಾವನಿಗೂ ಪುಟ್ಟಿ. ಊರಿನ ತರಕಾರಿ ಬೆಳೆಗಾರರು ಮಾತ್ರ ‘ಕಷಾಯದಕ್ಕ’ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಇನ್ನರ್ಧ ಗೇಲಿ. ಎರಡನ್ನೂ ಅವಳು ನಗುತ್ತಲೇ ಒಪ್ಪಿಕೊಂಡಿದ್ದಳು.

ಅವಳು ಮಾಡುತ್ತಿದ್ದದ್ದೂ ಕಷಾಯವೇ. ಒಣಗಿದ ಕಡಲಪಾಚಿಯನ್ನು ಮೂಟೆಗಟ್ಟಲೆ ತರಿಸಿ, ಉಪ್ಪು ಹೋಗುವ ತನಕ ತೊಳೆದು, ಸ್ಟೀಲ್ ಹಂಡೆಗಳಲ್ಲಿ ಕುದಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಿಳಿ ಡಬ್ಬಿಗಳಿಗೆ ತುಂಬುವುದು. ಅದನ್ನು ನೀರಿಗೆ ಬೆರೆಸಿ ಎಲೆಗಳ ಮೇಲೆ ಸಿಂಪಡಿಸಿದರೆ ಗಿಡಕ್ಕೆ ಚಳಿ ತಡೆಯುವ ತಾಕತ್ತು ಬರುತ್ತದೆ. ಒಂದೇ ರಾತ್ರಿಯ ಹಿಮಕ್ಕೆ ಹೊಲಕ್ಕೆ ಹೊಲವೇ ಕಪ್ಪಾಗಿ ಮಲಗಿಬಿಡುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಡಬ್ಬಿಯ ಮೇಲೆ ಹಸಿರು ಅಕ್ಷರದಲ್ಲಿ ‘ಶುದ್ಧ ಕಡಲಪಾಚಿ, ಪೂರ್ತಿ ನೈಸರ್ಗಿಕ’ ಎಂದು ಅಚ್ಚಾಗಿತ್ತು. ಆ ಚಳಿಗಾಲದ ಮಟ್ಟಿಗೆ ಅದರಲ್ಲಿ ಮೊದಲರ್ಧ ಸುಳ್ಳು.

ಸುಳ್ಳು ಹುಟ್ಟಿದ್ದು ಭಾವನ ಹೊಲದಲ್ಲಿ. ಭಾವ ಲೆಟ್ಯೂಸ್ ಬೆಳೆಯುತ್ತಿದ್ದ. ಹಸಿಯಾಗಿಯೇ ತಿನ್ನುವ ಸೊಪ್ಪು ಅದು, ನೋಡಲು ಹೂವಿನ ಹಾಗೆ, ಚಳಿಗೆ ಮಾತ್ರ ತೀರಾ ಪುಕ್ಕಲು. ಹೊಸ ಹದದ ಕಷಾಯವನ್ನು ಮೊದಲು ನಿಮ್ಮ ಹೊಲದಲ್ಲೇ ನೋಡ್ತೀನಿ ಅಂತ ಅವಳೇ ಕೇಳಿಕೊಂಡಿದ್ದಳು. ಅವನೂ ಹ್ಞೂಂ ಅಂದಿದ್ದ. ಚಳಿಗಾಲದ ಮೊದಲ ಹಿಮ ಬಿದ್ದಾಗ ಪಾಚಿ ಕೈಕೊಟ್ಟಿತು. ಒಂದು ಬದಿಯ ಸಾಲುಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಭಾವ ಬೈಯಲಿಲ್ಲ. “ಪಾಚಿಗೂ ಚಳಿಯಾಗಿರಬೇಕು ಬಿಡು ಪುಟ್ಟಿ, ಮುಂದಿನ ಸಲ ಅದಕ್ಕೊಂದು ಸ್ವೆಟರ್ ಹಾಕಿಸು” ಅಂದ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. ಆ ನಗೆ ಅವಳನ್ನು ವಾರವಿಡೀ ಕೊರೆಯಿತು.

ಹಟ ಹಿಡಿದವರಿಗೆ ದಾರಿ ಬೇಗ ಕಾಣುತ್ತದೆ, ಅದು ಯಾವ ದಾರಿ ಎಂಬುದು ಆಮೇಲೆ. ಪಾಚಿ ಬರುತ್ತಿದ್ದ ಕಡಲತೀರದಲ್ಲಿ, ಸಿಗಡಿ ಶುಚಿ ಮಾಡುವ ಶೆಡ್ಡಿನಲ್ಲಿ ಸಿಪ್ಪೆಯನ್ನು ರಾಶಿ ಹಾಕಿ ಎಸೆಯುತ್ತಿದ್ದರು. ಆ ಸಿಪ್ಪೆಯಲ್ಲೊಂದು ಸತ್ವವಿದೆ. ಎಲೆಯ ಮೇಲೆ ಬಿದ್ದರೆ ಎಲೆ ಬೆಚ್ಚಿಬೀಳುತ್ತದೆ. ಬೂಷ್ಟಿನ ಮೈಯಲ್ಲಿ ಇರುವಂಥದೇ ಸತ್ವವಾದ್ದರಿಂದ, ರೋಗ ಬಂದೇಬಿಟ್ಟಿತು ಅಂದುಕೊಂಡು ಬಾಗಿಲು ಭದ್ರ ಮಾಡಿಕೊಳ್ಳುತ್ತದೆ, ಒಳಗೆ ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ. ರೋಗ ಬರುವುದಿಲ್ಲ, ಬರುವುದು ಚಳಿ. ಅಷ್ಟರಲ್ಲಿ ಎಲೆ ಸೊಂಟ ಕಟ್ಟಿ ನಿಂತಿರುತ್ತದೆ. ಗಿಡಕ್ಕೊಂದು ಸುಳ್ಳು ಹೇಳಿ ಅದರ ಜೀವ ಉಳಿಸುವ ವಿದ್ಯೆ ಇದು.

ಈ ವಿದ್ಯೆಗೊಂದು ಕ್ರಮವಿದೆ. ಸಿಪ್ಪೆಯನ್ನು ಆಮ್ಲದಲ್ಲಿ ನೆನೆಸಬೇಕು, ಆಮೇಲೆ ಕ್ಷಾರದಲ್ಲಿ ಹೊತ್ತುಗಟ್ಟಲೆ ಕುದಿಸಿ ಅದಕ್ಕಂಟಿದ ಮಾಂಸದ ಅಂಶವನ್ನೆಲ್ಲ ತೆಗೆಯಬೇಕು, ಮತ್ತೆ ಮತ್ತೆ ತೊಳೆಯಬೇಕು. ಪುಟ್ಟಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮುಂದಿನ ಹಿಮ ಯಾವಾಗ ಬೇಕಾದರೂ ಬೀಳಬಹುದಿತ್ತು. ಸಿಪ್ಪೆಯನ್ನು ಅರ್ಧಂಬರ್ಧ ಬೇಯಿಸಿ, ವಿನಿಗರ್ ಹಾಕಿ ಕರಗಿಸಿ, ಸೋಸಿದ್ದನ್ನು ಪಾಚಿಯ ಕಷಾಯಕ್ಕೆ ಬೆರೆಸಿದಳು. ಭಾವನ ಹೊಲಕ್ಕೆ ತಾನೇ ಹೊಡೆದಳು. ಮುಂದಿನ ಹಿಮಕ್ಕೆ ಪಕ್ಕದ ಹೊಲದ ಬದುವಿನ ತನಕ ಎಲ್ಲ ಕರಕಲು, ಬದುವಿನ ಈಚೆಗೆ ಎಲ್ಲ ಹಸಿರು. ನೋಡಿದವಳು ಬಾಯಿ ತೆರೆದು ನಿಂತುಬಿಟ್ಟಳು. ಇಷ್ಟು ವರ್ಷದಲ್ಲಿ ಹಾಗೊಂದು ಗೆರೆಯನ್ನು ಅವಳು ಕಂಡಿರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಿದರೆ ಡಬ್ಬಿಯ ಮೇಲಿನ ಅಕ್ಷರ ಬದಲಾಗಬೇಕು, ಪರೀಕ್ಷೆಗೆ ಕಳಿಸಬೇಕು, ಪರವಾನಗಿ ಬರುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ. ಮೇಲಾಗಿ, ಹಸಿ ಸೊಪ್ಪಿನ ಮೇಲೆ ಸಿಗಡಿ ಸಿಪ್ಪೆಯ ನೀರು ಅಂದರೆ ಯಾರು ಹತ್ತಿರ ಸೇರಿಸುತ್ತಾರೆ? ಈ ಚಳಿಗಾಲ ಒಂದು ದಾಟಲಿ, ಆಮೇಲೆ ಎಲ್ಲ ಕ್ರಮವಾಗಿ ಮಾಡ್ತೀನಿ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಾರ್ಖಾನೆಯ ಮಾಲೀಕನಿಗೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಇದರಲ್ಲೊಂದು ಮುಳ್ಳಿತ್ತು. ಭಾವನಿಗೆ ಸಿಗಡಿ ಆಗುತ್ತಿರಲಿಲ್ಲ. ಆಗುವುದಿಲ್ಲ ಅಂದರೆ ಇಷ್ಟವಿಲ್ಲ ಎಂದಲ್ಲ, ಮೈಗೇ ಆಗದು. ಮದುವೆಯಾದ ಹೊಸದರಲ್ಲಿ ಯಾರದೋ ಮನೆಯ ಊಟದಲ್ಲಿ ಗೊತ್ತಿಲ್ಲದೆ ಒಂದು ತುಂಡು ತಿಂದು, ತುಟಿ ನಾಲಿಗೆಯೆಲ್ಲ ಊದಿ, ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರಿಂದ ಹೇಳಿಸಿಕೊಂಡು ಬಂದಿದ್ದ. ಅಲ್ಲಿಂದೀಚೆಗೆ ಅಕ್ಕನ ಅಡುಗೆಮನೆಗೆ ಸಿಗಡಿ ಕಾಲಿಟ್ಟಿರಲಿಲ್ಲ. ಭಾವ ಅದನ್ನು ಹೆಸರಿಟ್ಟು ಕರೆಯುತ್ತಲೂ ಇರಲಿಲ್ಲ, ‘ನಮ್ಮ ಯಮರಾಯ’ ಎನ್ನುತ್ತಿದ್ದ. ಪುಟ್ಟಿ ಇದನ್ನು ಮರೆತಿರಲಿಲ್ಲ. ಅದಕ್ಕೇ ಅವನ ಹೊಲಕ್ಕೆ ಸ್ಪ್ರೇಯರ್ ಹೊತ್ತು ತಾನೇ ಹೋಗುತ್ತಿದ್ದಳು, ಅವನನ್ನು ಬದುವಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. “ನಿಮ್ಮ ಕೈ ಭಾರ ಭಾವ, ಎಲೆ ಸುಟ್ಟುಹೋಗುತ್ತೆ” ಎಂದು ನೆಪ ಹೇಳುತ್ತಿದ್ದಳು. ಸೊಪ್ಪನ್ನಂತೂ ಅವನು ತಿನ್ನುತ್ತಿರಲಿಲ್ಲ. “ಹಸಿ ಸೊಪ್ಪು ಮೇಯೋಕೆ ನಾನೇನು ಆಡಾ?” ಅನ್ನುವವನು. ಹೀಗೆ ಎಲ್ಲ ಕಡೆಯಿಂದಲೂ ಬೇಲಿ ಹಾಕಿದ್ದೇನೆ ಎಂದು ಅವಳು ನಂಬಿದ್ದಳು.

ಬೆಳೆಗಾರರ ಸಂಘದ ಸಭೆ ಕರೆದದ್ದು ಆ ಗೆರೆಯ ಸುದ್ದಿ ಹಬ್ಬಿದ ಮೇಲೆ. ತಗಡಿನ ಮಾಡಿನ ಹಳೇ ಗೋದಾಮು, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಖಾಲಿ ಕ್ರೇಟುಗಳು. ಗೋಡೆಯ ಬದಿಗೆ ಬಿಳಿ ಡಬ್ಬಿಗಳನ್ನು ಪೇರಿಸಿಟ್ಟಿತ್ತು. ಅಲ್ಲಿಯವರೆಗೆ ಹೊಸ ಕಷಾಯ ಬಿದ್ದದ್ದು ಭಾವನ ಹೊಲಕ್ಕೆ ಮಾತ್ರ. ಇವತ್ತು ಎಲ್ಲರ ಮನೆಗೂ ಹೋಗಬೇಕಿತ್ತು. ರಾತ್ರಿಗೆ ಭಾರೀ ಹಿಮ ಎಂದು ರೇಡಿಯೋ ಬೆಳಗಿನಿಂದ ಬಾಯಿ ಬಡಿದುಕೊಳ್ಳುತ್ತಿತ್ತು. ಮಧ್ಯಾಹ್ನವೇ ಹೊಡೆದರೆ ಸಂಜೆಯೊಳಗೆ ಒಣಗುತ್ತದೆ, ಇವತ್ತಿನ ಮಟ್ಟಿಗೆ ಒಂದಿಷ್ಟಾದರೂ ಉಳಿಯುತ್ತದೆ ಎಂದು ಎಲ್ಲರೂ ಕೆಲಸ ಬಿಟ್ಟು ಬಂದಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ, ತಂಗಿಯ ಹೆಚ್ಚುಗಾರಿಕೆ ನೋಡಲು ಒಳ್ಳೆಯ ಶಾಲು ಹೊದ್ದು ಕೂತಿದ್ದಳು.

ಪುಟ್ಟಿಯ ಸಭೆಗಳಿಗೆ ಒಂದು ಪದ್ಧತಿಯಿತ್ತು. ಹಿಂದೆ ಯಾರೋ ಒಬ್ಬ ಬೆಳೆಗಾರ “ಇದು ವಿಷ ಅಲ್ಲ ಅಂತ ಏನು ಗ್ಯಾರಂಟಿ?” ಎಂದು ಕೇಳಿದ್ದಕ್ಕೆ ಅವಳು ಮಾತಾಡದೆ ಡಬ್ಬಿ ತೆರೆದು, ಗ್ಲಾಸಿಗೆ ಸುರಿದು, ನೀರು ಬೆರೆಸಿ ಗಟಗಟ ಕುಡಿದು ಬಾಯಿ ಒರೆಸಿಕೊಂಡಿದ್ದಳು. ಚಪ್ಪಾಳೆ ಬಿದ್ದಿತ್ತು. ಅಂದಿನಿಂದ ಕುಡಿಯದೆ ಸಭೆ ಶುರುವೇ ಆಗುತ್ತಿರಲಿಲ್ಲ. ಪಾಚಿಯಾದರೇನು, ಸಿಗಡಿಯಾದರೇನು, ಅವಳ ಹೊಟ್ಟೆಗೆ ಯಾವುದರದೂ ತಕರಾರಿರಲಿಲ್ಲ.

ಅವತ್ತೂ ಗ್ಲಾಸಿಗೆ ಸುರಿದಳು. ಮುಂದೆ ಕೂತಿದ್ದ ಮೂಗಣ್ಣ ಎದ್ದು ಬಂದ. ಗೊಬ್ಬರವಿರಲಿ, ಬೀಜವಿರಲಿ, ಅಳಿಯನೇ ಇರಲಿ, ಮೂಸಿ ನೋಡದೆ ಒಪ್ಪುವ ಆಸಾಮಿಯಲ್ಲವಾದ್ದರಿಂದ ಆ ಮುದುಕನಿಗೆ ಆ ಹೆಸರು. ಗ್ಲಾಸಿನ ಮೇಲೆ ಬಗ್ಗಿ ಮೂಸಿದ.

“ಮೀನಿನ ಅಂಗಡಿ ನಾತ ಬರ್ತಿದೆಯಲ್ಲಮ್ಮ!”

“ಕಡಲಿಂದ ಬಂದಿದ್ದಲ್ವಾ ಮೂಗಣ್ಣ, ಇನ್ನೇನು ಮಲ್ಲಿಗೆ ಪರಿಮಳ ಬರುತ್ತಾ?”

ಎಲ್ಲರೂ ನಕ್ಕರು. ಮೂಗಣ್ಣ ಮಾತ್ರ ನಗಲಿಲ್ಲ. “ಪ್ರತಿ ಸಲ ನೀನೇ ಮಾಡ್ತೀಯ, ನೀನೇ ಕುಡೀತೀಯ. ನಿಂಗೆ ಅಭ್ಯಾಸ ಆಗಿರುತ್ತೆ. ನಮ್ಮಲ್ಲಿ ಯಾರಾದ್ರೂ ಒಬ್ರು ಕುಡೀಲಿ, ಆಗ ನಂಬ್ತೀವಿ.”

ಗುಜುಗುಜು ಎದ್ದಿತು. ಹೌದು ಹೌದು ಎನ್ನುವವರು ಹೆಚ್ಚು, ಮುಂದೆ ಬರುವವರು ಯಾರೂ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಭಾವ ಕುರ್ಚಿಗಳನ್ನು ತಳ್ಳಿಕೊಂಡು ಬಂದ. ದೊಡ್ಡ ಆಳು, ದೊಡ್ಡ ದನಿ. “ಅಲ್ರಯ್ಯಾ, ನಮ್ಮ ನಾದಿನಿ ಕಾಯಿಸಿದ ಕಷಾಯಕ್ಕೆ ಇಷ್ಟೊಂದು ಪಂಚಾಯ್ತಿನಾ? ಕೊಡಿಲ್ಲಿ!” ಎನ್ನುತ್ತ ಗ್ಲಾಸನ್ನು ಅವಳ ಕೈಯಿಂದ ಕಿತ್ತುಕೊಂಡ.

ಅವಳು ಬಾಯಿ ತೆರೆದಳು.

ಒಂದು ಮಾತು ಸಾಕಿತ್ತು. ಬೇಡ ಭಾವ, ಅಷ್ಟೇ. ಆದರೆ ಬೇಡ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಎಂದು ಹೇಳಿದರೆ ಗೋಡೆಯ ಬದಿಯ ಅಷ್ಟೂ ಡಬ್ಬಿಗಳು ಸುಳ್ಳಾಗುತ್ತವೆ, ಮೂಗಣ್ಣ ಗೆಲ್ಲುತ್ತಾನೆ, ರಾತ್ರಿ ಹಿಮ ಬೀಳುತ್ತದೆ. ಒಂದು ಗುಟುಕು ತಾನೇ, ಸೋಸಿದ್ದು ತಾನೇ, ನೀರು ಬೆರೆಸಿದ್ದು ತಾನೇ ಎಂದು ಅವಳ ಮನಸ್ಸು ವಕೀಲನಂತೆ ವಾದಿಸಿತು. ಭಾವ ಗ್ಲಾಸನ್ನು ಎತ್ತಿ ಎಲ್ಲರಿಗೂ ತೋರಿಸಿದ, ತಲೆ ಹಿಂದಕ್ಕೆ ಹಾಕಿ ಒಂದೇ ಸಲಕ್ಕೆ ಖಾಲಿ ಮಾಡಿದ. ಅವಳ ಬಾಯಿ ಮುಚ್ಚಿಕೊಂಡಿತು.

ಚಪ್ಪಾಳೆ ಬಿತ್ತು. “ಉಪ್ಪು ಸ್ವಲ್ಪ ಕಮ್ಮಿ” ಅಂದ ಭಾವ. ನಗೆ ಉಕ್ಕಿತು. ಸಂಘದ ಕಾರ್ಯದರ್ಶಿ ಡಬ್ಬಿ ಹಂಚಲು ಎದ್ದ. ಪುಟ್ಟಿ ಯಾರಿಗೋ ಏನೋ ಉತ್ತರ ಹೇಳುತ್ತಿದ್ದಳು, ಕಣ್ಣು ಮಾತ್ರ ಭಾವನ ಮುಖದ ಮೇಲೆ. ಏನೂ ಆಗುವುದಿಲ್ಲ. ಏನೂ ಆಗಿಲ್ಲ. ಭಾವ ಕತ್ತು ಕೆರೆದುಕೊಂಡ. ಚಳಿಗೆ ಇರಬೇಕು. ಮತ್ತೆ ಕೆರೆದುಕೊಂಡ. ಆಮೇಲೆ ಕೆಮ್ಮಿದ, ಕುರ್ಚಿಯ ಬೆನ್ನು ಹಿಡಿದ. ಅಕ್ಕ “ಏನಾಯ್ತ್ರೀ?” ಅಂದಳು. ಅವನು ತಿರುಗಿದಾಗ ತುಟಿ ದಪ್ಪವಾಗಿ ಬೇರೆ ಯಾರದೋ ತುಟಿಯ ಹಾಗೆ ಕಾಣುತ್ತಿತ್ತು. ಕುರ್ಚಿಯ ಸಮೇತ ಕೆಳಗೆ ಬಿದ್ದ.

ಎಲ್ಲರೂ ಒಟ್ಟಿಗೆ ಕೂಗಿದರು. ವಿಷ! ವಿಷ! ಯಾರೋ ಡಬ್ಬಿಗಳ ಪೇರಿಕೆಗೆ ಒದ್ದ. ಮೂಗಣ್ಣ ತನ್ನ ಕೈಗೆ ಬಂದಿದ್ದ ಡಬ್ಬಿಯನ್ನು ಹೊರಗೆ ಒಯ್ದು ಚರಂಡಿಗೆ ಸುರಿದ, ಅವನ ಹಿಂದೆ ಉಳಿದವರೂ ಸುರಿದರು. ತನ್ನ ಕಣ್ಣ ಮುಂದೆ ಆಗುತ್ತಿರುವುದು ತನಗೇ ಸಂಬಂಧಿಸಿದ್ದಲ್ಲ ಎಂಬಂತೆ, ಪುಟ್ಟಿ ನೆಲದಲ್ಲಿ ಉರುಳುತ್ತಿದ್ದ ಖಾಲಿ ಗ್ಲಾಸನ್ನು ಎತ್ತಿ ಮೇಜಿನ ಮೇಲಿಟ್ಟಳು. ಯಾಕೆ ಇಟ್ಟೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಗೊತ್ತಾಗಲಿಲ್ಲ.

ತರಕಾರಿ ಸಾಗಿಸುವ ವ್ಯಾನಿನ ಹಿಂಭಾಗದಲ್ಲಿ ಕ್ರೇಟುಗಳ ಮಧ್ಯೆ ಭಾವನನ್ನು ಮಲಗಿಸಿದರು. ತಲೆ ಅಕ್ಕನ ತೊಡೆಯ ಮೇಲೆ. ಅವನ ಎದೆಯಿಂದ ಶಿಳ್ಳೆಯಂಥ ಸದ್ದು ಬರುತ್ತಿತ್ತು. ವ್ಯಾನು ಹಳ್ಳಕೊಳ್ಳ ಹಾರಿ ಓಡುತ್ತಿತ್ತು.

“ಅದರಲ್ಲೇನಿತ್ತೇ ಪುಟ್ಟಿ?” ಅಕ್ಕ ಕೇಳಿದಳು. ಗದರಿಸಿದ್ದಲ್ಲ, ಬೇಡಿಕೊಂಡಂತೆ ಕೇಳಿದ್ದು.

“ಪಾಚಿ ಅಕ್ಕ.”

ಆ ಮಾತು ಅವಳ ಬಾಯಿಂದ ತಾನಾಗಿಯೇ ಬಂತು, ಸಭೆಗಳಲ್ಲಿ ಬರುವ ಹಾಗೆ. ಹೇಳಿದ ಮರುಕ್ಷಣ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಾಯುತ್ತಿರುವ ಮನುಷ್ಯನ ತಲೆಯ ಬಳಿ ಕೂತು ಡಬ್ಬಿಯ ಅಕ್ಷರ ಓದಿದಳಲ್ಲ! ಆದರೂ ಅದನ್ನು ತಿದ್ದಲು ನಾಲಿಗೆ ಏಳಲಿಲ್ಲ. ಅಕ್ಕ ಗಂಡನ ಕೆನ್ನೆ ತಟ್ಟುತ್ತ, “ಪಾಚಿಯಂತೆ ರೀ, ಬರೀ ಪಾಚಿಯಂತೆ, ಏನೂ ಆಗಲ್ಲ” ಎಂದು ಧೈರ್ಯ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಸಂಘದ ಕಾರ್ಯದರ್ಶಿ ಮೊದಲು ಒಳಗೆ ಓಡಿದ. “ಔಷಧಿ ಕುಡಿದಿದ್ದಾರೆ, ಬೆಳೆಗೆ ಹೊಡೆಯೋ ಔಷಧಿ!” ಎಂದು ಕೂಗಿದ. ತರಕಾರಿ ಬೆಳೆಯುವ ಜಾಗದ ಆಸ್ಪತ್ರೆಗೆ ಈ ಮಾತು ಹೊಸತಲ್ಲ. ಅಂಥವರು ಬಂದರೆ ಏನು ಮಾಡಬೇಕು ಎಂಬುದು ಅಲ್ಲಿನವರಿಗೆ ಕೈಗೇ ಗೊತ್ತು. ಇಬ್ಬರು ಹಿಡಿದು ಹಾಸಿಗೆಗೆ ಎತ್ತಿದರು, ಒಬ್ಬಳು ನರ್ಸು ಹೊಟ್ಟೆ ತೊಳೆಯುವ ರಬ್ಬರಿನ ಕೊಳವೆ ಬಿಚ್ಚಿದಳು, ಇನ್ನೊಬ್ಬಳು ಕೀಟನಾಶಕಕ್ಕೆ ಕೊಡುವ ಸೂಜಿಮದ್ದು ತುಂಬತೊಡಗಿದಳು. ಕರ್ತವ್ಯದಲ್ಲಿದ್ದ ಡಾಕ್ಟರಮ್ಮ ಬಾಗಿ ಅವನ ಬಾಯಿ ತೆರೆಸಲು ನೋಡಿದಳು. ನಾಲಿಗೆ ಬಾಯಿ ತುಂಬ ಊದಿತ್ತು. ಕೊಳವೆ ಅವನ ಮುಖದ ಹತ್ತಿರ ಬಂತು.

ಅದು ಗಂಟಲಿಗೆ ಇಳಿದರೆ ಇರುವ ಒಂದಿಷ್ಟು ದಾರಿಯೂ ಮುಚ್ಚಿಹೋಗುತ್ತದೆ ಎಂದು ಪುಟ್ಟಿಗೆ ಥಟ್ಟನೆ ಹೊಳೆಯಿತು.

“ಸಿಗಡಿ!” ಎಂದು ಕಿರುಚಿದಳು.

ಎಲ್ಲರೂ ತಿರುಗಿದರು. ನರ್ಸು ಇವಳಿಗೆ ತಲೆ ಕೆಟ್ಟಿರಬೇಕು ಎಂಬಂತೆ ನೋಡಿದಳು.

“ವಿಷ ಅಲ್ಲ, ವಿಷ ಅಲ್ಲ ಡಾಕ್ಟ್ರೇ. ಸಿಗಡಿ ಸಿಪ್ಪೆ. ಅದರಲ್ಲಿ ಸಿಗಡಿ ಸಿಪ್ಪೆ ಇದೆ, ಸರಿಯಾಗಿ ಬೆಂದಿಲ್ಲ. ಇವರಿಗೆ ಸಿಗಡಿ ಆಗಲ್ಲ. ಹಿಂದೊಂದು ಸಲ ಹೀಗೇ ಆಗಿತ್ತು. ನಾನೇ ಹಾಕಿದ್ದು, ನಂಗೆ ಗೊತ್ತು!”

ಡಾಕ್ಟರಮ್ಮ ಕೊಳವೆಯನ್ನು ಕೈಯಿಂದ ಆಚೆ ತಳ್ಳಿ, ಬೇರೆ ಮದ್ದು ತರಿಸಿ, ಪ್ಯಾಂಟಿನ ಮೇಲಿಂದಲೇ ಭಾವನ ತೊಡೆಗೆ ಚುಚ್ಚಿದಳು. ಮುಖಕ್ಕೆ ಆಮ್ಲಜನಕದ ಮುಸುಕು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಂದು ಚುಚ್ಚಿದಳು. ಎದೆಯ ಶಿಳ್ಳೆ ಇಳಿಯತೊಡಗಿತು, ಕಪ್ಪಿಟ್ಟಿದ್ದ ಉಗುರಿಗೆ ಬಣ್ಣ ಬಂತು. ಆಗ ಪುಟ್ಟಿಗೆ ಅಕ್ಕ ಕಂಡಳು. ಅಕ್ಕ ಹಾಸಿಗೆಯ ಕಡೆ ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದಳು. ಶಾಲು ಹೆಗಲಿಂದ ಜಾರಿ ನೆಲದಲ್ಲಿ ಬಿದ್ದಿತ್ತು.

ಸಂಜೆ ಹೊತ್ತಿಗೆ ಭಾವನನ್ನು ವಾರ್ಡಿಗೆ ಹಾಕಿದರು. ಜೀವಕ್ಕೆ ಭಯವಿಲ್ಲ, ಬೆಳಗಿನವರೆಗೆ ನಿಗಾ ಇಡಬೇಕು ಅಂದರು. ಮದ್ದಿನ ಮಂಪರಿನಲ್ಲಿ ಅವನು ನಿದ್ದೆಹೋದ. ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ತಂಗಿ ಇಬ್ಬರೂ ಕೂತಿದ್ದರು, ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

“ಅವರು ಗ್ಲಾಸು ಕಿತ್ಕೊಂಡಾಗ ನಾನು ನಿನ್ನನ್ನೇ ನೋಡ್ತಿದ್ದೆ” ಅಂದಳು ಅಕ್ಕ. “ಬಾಯಿ ತೆರೆದೆ. ಆಮೇಲೆ ಮುಚ್ಚಿದೆ.”

ಪುಟ್ಟಿ ತಲೆ ತಗ್ಗಿಸಿದಳು.

“ಏನೋ ತಮಾಷೆ ಮಾಡೋಕೆ ಹೊರಟು ಸುಮ್ಮನಾದಳು ಅಂದ್ಕೊಂಡಿದ್ದೆ ಕಣೇ ನಾನು. ವ್ಯಾನಲ್ಲೂ ಕೇಳಿದೆ. ಏನಂದೆ?”

“ಪಾಚಿ ಅಂದೆ.”

“ನನ್ನ ಗಂಡನ ಪ್ರಾಣ ಹೋಗ್ತಿರೋವಾಗ.”

ಅಳಬೇಕೆಂದರೂ ಪುಟ್ಟಿಗೆ ಕಣ್ಣೀರು ಬರಲಿಲ್ಲ. ಅಕ್ಕ ಕೂಗಾಡಿದ್ದರೆ, ಎರಡು ಬಾರಿಸಿದ್ದರೆ ಕಾಲು ಹಿಡಿಯಬಹುದಿತ್ತು. ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಿಗ್ಭ್ರಮೆಯಿತ್ತು. ಎತ್ತಿ ಆಡಿಸಿದ ತಂಗಿಯನ್ನು ಯಾರೋ ಬದಲಾಯಿಸಿ ಇಟ್ಟುಹೋಗಿದ್ದಾರೆ ಎಂಬಂತೆ ಅವಳು ನೋಡುತ್ತಿದ್ದಳು. ಆಮೇಲೆ ಎದ್ದು ವಾರ್ಡಿನೊಳಗೆ ಹೋದಳು. ಬೆಳಗಾಗುವವರೆಗೆ ಹೊರಗೆ ಬರಲಿಲ್ಲ.

ಬೆಳಿಗ್ಗೆ, ಪುಟ್ಟಿಗೆ ಜೊಂಪು ಹತ್ತಿದ್ದಾಗ, ಅಕ್ಕ ಹೊಲಕ್ಕೆ ಹೊರಟುಹೋದಳೆಂದು ನರ್ಸು ಹೇಳಿದಳು. ಕೊಯ್ಲಿನ ವ್ಯಾನು ಬರುವ ದಿನ ಅದು. ಡಾಕ್ಟರಮ್ಮ ಭಾವನನ್ನು ನೋಡಿ, ಪರವಾಗಿಲ್ಲ ಎಂದು ತಲೆ ಆಡಿಸಿ, ಬೆಂಚಿನ ಹತ್ತಿರ ನಿಂತಳು.

“ನಿನ್ನೆ ನೀವು ಹೇಳದೇ ಇದ್ದಿದ್ರೆ ಕೈ ಮೀರಿ ಹೋಗ್ತಿತ್ತು” ಅಂದಳು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. “ವಿಚಿತ್ರ ನೋಡಿ, ಇದೇ ವಾರ ಇನ್ನೊಂದು ಇಂಥದೇ ಕೇಸು ಬಂದಿತ್ತು. ಶಾಲೆಗೆ ಹೋಗೋ ಹುಡುಗಿ. ಸಿಗಡಿ ಆಗದ ಮಗು, ಅವರ ಮನೆಗೆ ತರೋದೇ ಇಲ್ಲವಂತೆ. ಬ್ರೆಡ್ಡಿನ ಮಧ್ಯೆ ಹಸಿ ಸೊಪ್ಪು ಇಟ್ಟುಕೊಂಡು ತಿಂದಿದ್ದಳು, ಅಷ್ಟೇ. ಮುಖವೆಲ್ಲ ಊದಿತ್ತು. ಎಲ್ಲಿಂದ ಬಂತು ಅಂತ ನಮಗೆ ಗೊತ್ತೇ ಆಗಲಿಲ್ಲ.”

ಪುಟ್ಟಿ ತಲೆ ಎತ್ತಿದಳು. “ಯಾವ ಸೊಪ್ಪು?”

“ಅದೇ, ಲೆಟ್ಯೂಸು.”

ಎಲ್ಲ ಕಡೆ ಬೇಲಿ ಹಾಕಿದ್ದಳು. ಭಾವ ಸಿಂಪಡಿಸದಂತೆ, ಭಾವ ಮುಟ್ಟದಂತೆ, ಭಾವ ತಿನ್ನದಂತೆ. ವಾರವಾರ ಕ್ರೇಟುಗಟ್ಟಲೆ ಪೇಟೆಗೆ ಹೋಗುತ್ತಿದ್ದ ಸೊಪ್ಪು ಮನುಷ್ಯರು ತಿನ್ನುವುದಕ್ಕೆ ಎಂಬುದು ಅವಳ ತಲೆಗೆ ಬಂದಿರಲೇ ಇಲ್ಲ. ಗಿಡ ಅಂದರೆ ಅವಳಿಗೆ ಚಳಿಯಲ್ಲಿ ಉಳಿಯಬೇಕಾದ ಗಿಡ, ಅಷ್ಟೇ. ಉಳಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾರ ಬಾಯಿಗೆ ಹೋಗುತ್ತದೆ? ಇಷ್ಟು ಓದಿದ ತಲೆಗೆ ಇಷ್ಟು ಹೊಳೆಯಲಿಲ್ಲವಲ್ಲ!

“ಆ ಹುಡುಗಿ?”

“ಮನೆಗೆ ಹೋದಳು, ಚೆನ್ನಾಗಿದ್ದಾಳೆ. ಅದೃಷ್ಟ. ಯಾಕೆ?”

ಈ ಸಲ ಅವಳು ಬಾಯಿ ತೆರೆದವಳು ಮುಚ್ಚಲಿಲ್ಲ. ಸಿಪ್ಪೆ, ಹಂಡೆ, ಹೊಲ, ಪೇಟೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರಮ್ಮನ ಮುಖ ಕಂದಿತು. “ಆ ಸೊಪ್ಪು ಇನ್ನೂ ಹೊಲದಲ್ಲಿದೆಯಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನಿನ ಕಡೆ ಓಡಿದಳು. ಪುಟ್ಟಿ ಹೊಲದ ಕಡೆ ಓಡಿದಳು.

ದಾರಿಯುದ್ದಕ್ಕೂ ಹಿಮ ಮಾಡಿದ ಕೆಲಸ ಕಾಣುತ್ತಿತ್ತು. ಕೋಸು, ಬಟಾಣಿ, ಟೊಮೆಟೊ, ಯಾವುದೂ ಉಳಿದಿರಲಿಲ್ಲ. ಬೆಳೆಗಾರರು ತಂತಮ್ಮ ಬದುಗಳ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಿನ್ನೆ ಚರಂಡಿಗೆ ಸುರಿದವರೇ ಎಲ್ಲ. ಭಾವನ ಹೊಲ ಮಾತ್ರ, ನಾಚಿಕೆಯಿಲ್ಲದ ಹಾಗೆ, ಅಂಚಿನಿಂದ ಅಂಚಿಗೆ ಹಸಿರಾಗಿ ನಿಂತಿತ್ತು. ವ್ಯಾಪಾರಿಗಳ ವ್ಯಾನುಗಳು ಆಗಲೇ ಸಾಲುಗಟ್ಟಿದ್ದವು. ಅಕ್ಕ ಕೈಗವಸು ಹಾಕಿ, ಕತ್ತರಿಸುವ ಚಾಕು ಹಿಡಿದು ಮೊದಲ ಸಾಲಿಗೆ ಬಗ್ಗಿದ್ದಳು.

“ಕೊಯ್ಬೇಡ ಅಕ್ಕ!”

ಅಕ್ಕ ತಲೆ ಎತ್ತಲಿಲ್ಲ. “ಅವರು ಉಳಿದ್ರು, ಬೆಳೆ ಉಳೀತು. ಇನ್ನು ನಿನ್ನ ಮಾತು ನಂಗೆ ಬೇಕಾಗಿಲ್ಲ.”

ಪುಟ್ಟಿ ಹುಡುಗಿಯ ವಿಷಯ ಹೇಳಿದಳು. ಅಕ್ಕನ ಚಾಕು ನಿಂತಿತು. ಕೈಯಲ್ಲಿದ್ದ ಸೊಪ್ಪಿನ ಗಡ್ಡೆಯನ್ನು ತಿರುಗಿಸಿ ನೋಡಿದಳು.

“ತೊಳೆದು ಕೊಡೋಣ” ಅಂದಳು, ಸಣ್ಣ ದನಿಯಲ್ಲಿ.

“ಹೋಗಲ್ಲ ಅಕ್ಕ. ಎಲೆಗೆ ಅಂಟಿಕೊಳ್ಳಲಿ ಅಂತಾನೇ ಮಾಡಿದ್ದು. ತೊಳೆದ್ರೆ ಎಷ್ಟು ಹೋಗುತ್ತೆ, ಎಷ್ಟು ಉಳಿಯುತ್ತೆ ನಂಗೇ ಗೊತ್ತಿಲ್ಲ.”

“ಇದು ಹೋದ್ರೆ ನಮಗೆ ಈ ವರ್ಷ ಏನೂ ಇಲ್ಲ. ಗೊತ್ತಾ?”

“ಗೊತ್ತು.”

“ಅವರು ಎದ್ದು ಕೇಳಿದ್ರೆ?”

“ನಾನೇ ಹೇಳ್ತೀನಿ.”

“ಬೇಡ. ಸದ್ಯಕ್ಕೆ ನಿನ್ನ ಮುಖ ಅವರಿಗೆ ತೋರಿಸ್ಬೇಡ. ನಾನೇ ಹೇಳ್ತೀನಿ.” ಅಕ್ಕ ಚಾಕುವನ್ನು ಕ್ರೇಟಿಗೆ ಎಸೆದಳು. ಶೆಡ್ಡಿನಿಂದ ಹೊಲ ಉಳುವ ಪವರ್ ಟಿಲ್ಲರನ್ನು ತಳ್ಳಿಕೊಂಡು ಬಂದು ತಂಗಿಯ ಮುಂದೆ ನಿಲ್ಲಿಸಿದಳು. “ನನ್ನ ಕೈಲಾಗಲ್ಲ. ನೀನೇ ಮಾಡು.”

ಪುಟ್ಟಿಗೆ ಅದನ್ನು ಚಾಲೂ ಮಾಡಲು ಬರಲಿಲ್ಲ. ಎರಡು ಸಲ ಹಗ್ಗ ಎಳೆದಳು, ಅದು ಕೆಮ್ಮಿ ಸುಮ್ಮನಾಯಿತು. ಅಕ್ಕ ಅವಳನ್ನು ಪಕ್ಕಕ್ಕೆ ಸರಿಸಿ ಒಂದೇ ಎಳೆತಕ್ಕೆ ಎಂಜಿನ್ನು ಹತ್ತಿಸಿ, ಹಿಡಿಕೆಯನ್ನು ಅವಳ ಕೈಗೆ ಕೊಟ್ಟಳು. ಮುಖ ಮಾತ್ರ ನೋಡಲಿಲ್ಲ.

ಮೊದಲ ಸಾಲು ಅಲಗಿನ ಕೆಳಗೆ ಹೋದಾಗ ವ್ಯಾಪಾರಿಗಳು ಹೋ ಎಂದು ಓಡಿಬಂದರು. ಬೆಳೆ ಕಳೆದುಕೊಂಡವರೆಲ್ಲ ಬೇಲಿಗೆ ಬಂದು ನಿಂತರು. “ನಮ್ಮದೆಲ್ಲ ಸುಟ್ಟುಹೋಯ್ತು, ಉಳಿದಿದ್ದು ಇದೊಂದು, ಇದನ್ನೂ ಕೊಲ್ತೀಯೇನೇ? ನಿಂಗೇನು ಹುಚ್ಚು ಹಿಡೀತಾ?” ಎಂದು ಮೂಗಣ್ಣ ಎದೆ ಬಡಿದುಕೊಂಡ. ಪುಟ್ಟಿ ಯಂತ್ರ ನಿಲ್ಲಿಸದೆ ಕೂಗಿ ಹೇಳಿದಳು, ಇದರ ಮೇಲೆ ಸಿಗಡಿ ಸಿಪ್ಪೆ ಇದೆ, ನಾನು ಮುಚ್ಚಿಟ್ಟಿದ್ದೆ, ಇದನ್ನು ತಿಂದು ಒಂದು ಮಗು ಆಸ್ಪತ್ರೆ ಸೇರಿತ್ತು ಎಂದು. 

“ನಮಗ್ಯಾರಿಗೂ ಸಿಗಡಿ ತಿಂದ್ರೆ ಏನೂ ಆಗಲ್ಲ!” ಎಂದು ಬೇಲಿಯಿಂದ ಯಾರೋ ಕೂಗಿದರು. “ಇನ್ನೂ ಇದೆಯಾ ಆ ಕಷಾಯ? ಇದ್ರೆ ನಂಗೊಂದು ಡಬ್ಬಿ ಕೊಡು!” ಅವಳು ಬೆಚ್ಚಿ ಆ ಕಡೆ ನೋಡಿದಳು. ತಮಾಷೆಗೆ ಕೇಳಿದ್ದಲ್ಲ. ಕೇಳಿದವನು ಗಂಭೀರವಾಗಿಯೇ ನಿಂತಿದ್ದ, ಅವನ ಪಕ್ಕದಲ್ಲಿ ಇನ್ನೂ ನಾಲ್ಕಾರು ಜನ ತಲೆ ಆಡಿಸುತ್ತಿದ್ದರು.

ಅಷ್ಟರಲ್ಲಿ ಟಿಲ್ಲರ್ ಸಾಲು ಬಿಟ್ಟು ವಾರೆಯಾಯಿತು. ಒಂದಿಷ್ಟು ಗಿಡಗಳು ಅಲಗಿಗೆ ಸಿಗದೆ ಹಾಗೇ ಉಳಿದವು. ತಿರುಗಿ ನೋಡಿದರೆ ಅಕ್ಕ ಹಿಂದೆಯೇ ಬರುತ್ತಿದ್ದಳು. ತಪ್ಪಿಸಿಕೊಂಡ ಗಿಡಗಳನ್ನು ಒಂದೊಂದಾಗಿ ಬೇರುಸಮೇತ ಕಿತ್ತು, ಮಣ್ಣು ಕೊಡವದೆ, ಅಲಗಿನ ಮುಂದಕ್ಕೆ ಎಸೆಯುತ್ತಿದ್ದಳು.